ಅರ್ಧರಾತ್ರಿಯ ಮಾನ್ಯತೆ

1975ನೆಯ ಇಸವಿ ನವೆಂಬರ್ 10ನೆಯ ತಾರೀಖು. ಆಫ್ರಿಕ ಖಂಡದ ಪಶ್ಚಿಮ ತೀರದಲ್ಲಿರುವ ಅಂಗೋಲ ದೇಶದ ರಾಜಧಾನಿ ಲುವಾಂಡ ನಗರದಲ್ಲಿ ಅಂದು ಒಂದು ವಿಚಿತ್ರವಾದ ಬೀಳ್ಕೊಡಿಗೆ ನಡೆಯಿತು. ಸುಮಾರು ನಾಲ್ಕು ನೂರು ವರ್ಷಗಳ ಕಾಲ ಅಲ್ಲಿ ಹಾರಾಡಿದ್ದ ಪೋರ್ಚುಗೀಸ್ ಧ್ವಜವನ್ನು ಹಗಲಿನಲ್ಲಿಯೇ ಇಳಿಸಿ, ಮಡಿಸಿ, ಕಟ್ಟಕಡೆಯ ಹೈಕಮಿಷನರ್ ಅಡ್ಮಿರಲ್ ಲಿಯೊನೆಲ್ ಕಾರ್ಡೋಸೊ ಅವರು ನಗರವನ್ನು ಬಿಟ್ಟು ಹೊರಟರು. ರಾಜ್ಯಾಧಿಕಾರವನ್ನು ಅವರು ಒಪ್ಪಿಸಿದ್ದು ಯಾವ ಸರ್ಕಾರಕ್ಕೂ ಅಲ್ಲ, ಅಂಗೋಲದ ಜನತೆಗೆ. ಮಾತು ಕೇಳಲು ಸೊಗಸಾಗಿದ್ದಿತು. ಆದರೆ ಅದರ ಅರ್ಥ, ಮನೆಯ ಬೀಗದ ಕೈಯನ್ನು ಬೀದಿಯಲ್ಲಿಟ್ಟು ಹೋದಂತೆ. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಮೂರು ಪಕ್ಷಗಳು ಆ ಬೀಗದ ಕೈಗಾಗಿ ತಮ್ಮತಮ್ಮಲ್ಲೇ ಯುದ್ಧ ಹೂಡಿದ್ದವು. ನಗರದಿಂದ ಸುಮಾರು 20 ಕಿಲೋಮೀಟರು ದೂರದ ಕಿಫಾಂಗೊಂಡೊ ಎಂಬಲ್ಲಿ ಅಂದು ಫಿರಂಗಿಗಳು ಗುಡುಗುತ್ತಿದ್ದವು. ದಕ್ಷಿಣದ ಗಡಿಯನ್ನು ದಾಟಿದ ದಕ್ಷಿಣ ಆಫ್ರಿಕದ ಸೈನ್ಯ ಉತ್ತರಾಭಿಮುಖವಾಗಿ ಬರುತ್ತಿದ್ದಿತು.

ಇಂತಹ ಸ್ಥಿತಿಯಲ್ಲಿ, ಗಡಿಯಾರ ಹನ್ನೆರಡು ಹೊಡೆದಾಗ, ವೈದ್ಯರೂ ಕವಿಗಳೂ ಆಗಿದ್ದ ಎಂ.ಪಿ.ಎಲ್.ಎ. ಪಕ್ಷದ ನಾಯಕ ಅಗಸ್ಟಿನ್ಯೊ ನೆಟೊ ಅವರು ಜನಸಂದಣಿಯ ಎದುರಿಗೆ ನಿಂತು ಅಂಗೋಲದ ಸ್ವಾತಂತ್ರ್ಯವನ್ನು ಸಾರಿದರು. ಅದೇ ಗಳಿಗೆಗೆ ಅಟ್ಲಾಂಟಿಕ್ ಮಹಾಸಾಗರದ ಆಚೆಯ ದಡದಲ್ಲಿ, ಬ್ರೆಜಿಲ್ ದೇಶದ ರಾಜಧಾನಿ ಬ್ರೆಸಿಲಿಯದಲ್ಲಿ, ರಾತ್ರಿ ಎಂಟು ಗಂಟೆ. ಜಗತ್ತಿನ ಉಳಿದ ರಾಷ್ಟ್ರಗಳಿಗಿಂತ ಮೊದಲು ಹೊಸ ಸರ್ಕಾರಕ್ಕೆ ಮಾನ್ಯತೆ ನೀಡಿದ ಕೀರ್ತಿ ಬ್ರೆಜಿಲಿಗೆ ಸಂದಿತು.

ಸುದ್ದಿ ಕೇಳಿದವರು ಬೆರಗಾದರು. ನೆಟೊ ಅವರ ಪಕ್ಷ ಸಮತಾವಾದಿಗಳ ಪಕ್ಷ. ಅದಕ್ಕೆ ಸೋವಿಯತ್ ಒಕ್ಕೂಟದ ಶಸ್ತ್ರಾಸ್ತ್ರಗಳು, ಕ್ಯೂಬದ ಸೈನಿಕರು ಬೆಂಬಲ. ಬ್ರೆಜಿಲನ್ನು ಆಳುತ್ತಿದ್ದವರಾದರೋ 1964ರಲ್ಲಿ ಕಮ್ಯೂನಿಸ್ಟರ ಭೀತಿಯನ್ನೇ ಮುಂದೊಡ್ಡಿ ಅಧಿಕಾರ ಕಿತ್ತುಕೊಂಡ ಸೇನಾಧಿಪತಿಗಳು. ತಮ್ಮ ದೇಶದಲ್ಲಿ ಅಂತಹ ಮಾತಾಡಿದವರನ್ನು ಸೆರೆಮನೆಗೆ ನೂಕುತ್ತಿದ್ದವರು ಕಡಲಾಚೆಯ ನೆಟೊ ಅವರಿಗೆ ಮೊದಲಾಗಿ ಕೈಚಾಚಿದ್ದು ಏಕೆ?

ಪಂಕ್ತಿಯಲ್ಲಿ ಒಂದು ಎಲೆ

ರಾಜತಂತ್ರದ ಭಾಷೆಯಲ್ಲಿ ‘ಮಾನ್ಯತೆ’ ಎಂಬುದು ಒಂದೆರಡು ಸಾಲಿನ ಕಾಗದ. ಅದರಿಂದ ಹಸಿದವನ ಹೊಟ್ಟೆ ತುಂಬದು, ಯುದ್ಧ ನಿಲ್ಲದು. ಆದರೂ ಅದರ ಬೆಲೆ ಸಣ್ಣದಲ್ಲ. ಮದುವೆಮನೆಯ ಪಂಕ್ತಿಗೆ ಹೊಸಬನೊಬ್ಬ ಬಂದು ನಿಂತಾಗ, ಮೊದಲೇ ಕುಳಿತವರಲ್ಲಿ ಯಾರಾದರೊಬ್ಬರು ಸರಿದು, “ಬನ್ನಿ, ಇಲ್ಲಿ ಕುಳಿತುಕೊಳ್ಳಿ” ಎನ್ನಬೇಕು. ಎಲ್ಲರೂ ತಮ್ಮತಮ್ಮ ಎಲೆಯನ್ನೇ ನೋಡುತ್ತಿದ್ದರೆ ಬಂದವನು ನಿಂತೇ ಇರಬೇಕಾಗುತ್ತದೆ. ಒಬ್ಬರು ಕರೆದರೆ ಉಳಿದವರಿಗೂ ಸಂಕೋಚ ಬಿಡುತ್ತದೆ. ಅಂಗೋಲವನ್ನು ಹೀಗೆ ಕರೆದು ಕುಳ್ಳಿರಿಸಿದ ದೇಶಕ್ಕೆ ಅದರೊಡನೆ ಇದ್ದ ಸಂಬಂಧ ಇಂದು ನಿನ್ನೆಯದಲ್ಲ. ಅದು ಹೆಮ್ಮೆಪಡಬೇಕಾದ ಸಂಬಂಧವೂ ಅಲ್ಲ.

ಲುವಾಂಡ ನಗರದ ಹೊರವಲಯದಲ್ಲಿ, ಸಮುದ್ರಕ್ಕೆ ಮುಖಮಾಡಿ, ಒಂದು ಹಳೆಯ ಪ್ರಾರ್ಥನಾಮಂದಿರವಿದೆ. ಹಡಗಿಗೆ ಹತ್ತಿಸುವ ಮುನ್ನ ಗುಲಾಮರಿಗೆ ಅಲ್ಲಿ ಕ್ರೈಸ್ತ ದೀಕ್ಷೆ ಕೊಡುತ್ತಿದ್ದರು. ತಮ್ಮ ಹೆಸರನ್ನು ಅಲ್ಲಿ ಕಳೆದುಕೊಂಡು, ಅರ್ಥವಾಗದ ಹೊಸ ಹೆಸರೊಂದನ್ನು ಹೊತ್ತು ಅವರು ಹಡಗನ್ನೇರುತ್ತಿದ್ದರು. 1977ರಿಂದ ಆ ಕಟ್ಟಡ ಗುಲಾಮಗಿರಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಿದೆ. ಆಚೆಯ ದಡದಲ್ಲಿ, ರಿಯೊ ಡಿ ಜನೈರೊ ನಗರದಲ್ಲಿ, ಗುಲಾಮರು ಬಂದಿಳಿಯುತ್ತಿದ್ದ ವಲೊಂಗೊ ಕಟ್ಟೆ ಹೂತುಹೋಗಿದ್ದಿತು; 2011ರಲ್ಲಿ ನೆಲವನ್ನು ಅಗೆಯುವಾಗ ಅದರ ಕಲ್ಲುಗಳು ಮತ್ತೆ ಬೆಳಕು ಕಂಡವು. 2017ರಲ್ಲಿ ಯುನೆಸ್ಕೊ ಸಂಸ್ಥೆ ಅದನ್ನು ವಿಶ್ವಪರಂಪರೆಯ ತಾಣವೆಂದು ಸಾರಿತು. ಮೂರು ಶತಮಾನಗಳಲ್ಲಿ ಬ್ರೆಜಿಲಿನ ನೆಲದಲ್ಲಿ ಇಳಿದ ಆಫ್ರಿಕನರ ಸಂಖ್ಯೆ 48 ಲಕ್ಷಕ್ಕೂ ಮಿಗಿಲೆಂದು ಇತಿಹಾಸಕಾರರ ಎಣಿಕೆ. ಅವರಲ್ಲಿ ಅತಿ ದೊಡ್ಡ ಪಾಲು ಬಂದದ್ದು ಲುವಾಂಡ, ಬೆಂಗೇಲ ಮೊದಲಾದ ರೇವುಗಳಿರುವ ಆ ಕರಾವಳಿಯಿಂದಲೇ.

ಈ ವ್ಯಾಪಾರ ಎಷ್ಟು ಲಾಭದಾಯಕವಾಗಿದ್ದಿತೆಂದರೆ, 1641ರಲ್ಲಿ ಡಚ್ಚರು ಲುವಾಂಡವನ್ನು ಹಿಡಿದುಕೊಂಡಾಗ ಅದನ್ನು ಬಿಡಿಸಲು ನೌಕಾದಳ ಹೊರಟದ್ದು ರಿಯೊದಿಂದ. ಸಾಲ್ವಡೊರ್ ಕೊರೇಯ ದೆ ಸಾ ಎಂಬ ದಳಪತಿ ಸಾಗರವನ್ನು ದಾಟಿ 1648ರಲ್ಲಿ ಆ ಪಟ್ಟಣವನ್ನು ಗೆದ್ದುಕೊಂಡನು. ಕಬ್ಬಿನ ಗದ್ದೆಗಳಿಗೆ ಆಳುಗಳು ಬೇಕಾಗಿದ್ದರು. ಅದಕ್ಕಾಗಿ ಒಂದು ವಸಾಹತು ಇನ್ನೊಂದು ವಸಾಹತಿನ ಮೇಲೆ ದಂಡೆತ್ತಿ ಹೋಯಿತು. 1822ರಲ್ಲಿ ಬ್ರೆಜಿಲ್ ಸ್ವತಂತ್ರವಾದಾಗ ಅಂಗೋಲದ ವರ್ತಕರಲ್ಲಿ ಕೆಲವರು ತಾವೂ ಬ್ರೆಜಿಲಿನೊಡನೆ ಸೇರಬೇಕೆಂದು ಬಯಸಿದರು. ಪೋರ್ಚುಗಲ್ ಬೆದರಿತು. ತಾನು ಬ್ರೆಜಿಲಿನ ಸ್ವಾತಂತ್ರ್ಯವನ್ನು ಒಪ್ಪಿದ 1825ರ ಒಡಂಬಡಿಕೆಯಲ್ಲಿ, ಬೇರಾವ ಪೋರ್ಚುಗೀಸ್ ವಸಾಹತು ಸೇರಬಯಸಿದರೂ ಬ್ರೆಜಿಲ್ ಸ್ವೀಕರಿಸತಕ್ಕದ್ದಲ್ಲ ಎಂಬ ಕಲಮನ್ನು ಅದು ಬರೆಸಿಕೊಂಡಿತು.

1850ರ ಶಾಸನದೊಡನೆ ಗುಲಾಮರ ಸಾಗಣೆ ಅಡಗಿತು. 1888ರಲ್ಲಿ ಗುಲಾಮಗಿರಿಯೇ ರದ್ದಾಯಿತು. ಹಡಗುಗಳ ಸಂಚಾರ ಕಡಿಮೆಯಾಯಿತು, ಎರಡು ದಡಗಳೂ ಒಂದನ್ನೊಂದು ಮರೆತವು. ಆದರೆ ನಾಲಗೆ ಮರೆಯಲಿಲ್ಲ. ಬ್ರೆಜಿಲಿನ ತಾಯಂದಿರು ಇಂದಿಗೂ ತಮ್ಮ ಕಡೆಯ ಕೂಸನ್ನು ‘ಕಸೂಲ’ ಎನ್ನುತ್ತಾರೆ. ಮಗುವಿನ ತಲೆಗೂದಲಲ್ಲಿ ಮೆಲ್ಲಗೆ ಬೆರಳಾಡಿಸಿ ಮಲಗಿಸುವುದಕ್ಕೆ ‘ಕಫುನೆ’ ಎನ್ನುತ್ತಾರೆ. ತರಕಾರಿ ಮಾರುವ ಅಂಗಡಿಗೆ ‘ಕಿಟಾಂಡ’ ಎಂಬ ಹೆಸರು. ಇವೆಲ್ಲ ಲುವಾಂಡದ ಸುತ್ತಣ ಕಿಂಬುಂಡು ಭಾಷೆಯಿಂದ ಬಂದ ನುಡಿಗಳು. ಒಡೆಯರ ಮಕ್ಕಳನ್ನು ಎತ್ತಿ ಆಡಿಸಿದ ದಾದಿಯರು ತಮ್ಮ ಸ್ವಂತದ್ದೆಂದು ಹೇಳಿಕೊಳ್ಳಬಹುದಾಗಿದ್ದ ಒಂದೇ ಆಸ್ತಿಯನ್ನು ಆ ಮಕ್ಕಳ ಬಾಯಲ್ಲಿ ಇಟ್ಟು ಹೋದರು.

ಬಂಧುವಿನ ಮನೆಯ ದಾಕ್ಷಿಣ್ಯ

ಇಷ್ಟು ಹಳೆಯ ನಂಟಿದ್ದರೂ ಅಂಗೋಲ ಸ್ವಾತಂತ್ರ್ಯಕ್ಕಾಗಿ 1961ರಲ್ಲಿ ಆಯುಧ ಹಿಡಿದಾಗ ಬ್ರೆಜಿಲ್ ಅದರ ಕೈ ಹಿಡಿಯಲಿಲ್ಲ. ಪೋರ್ಚುಗಲ್ ಅದರ ಪಾಲಿಗೆ ಹೆತ್ತವರ ಮನೆ. 1953ರಲ್ಲಿ ಉಭಯ ದೇಶಗಳೂ ಮೈತ್ರಿಯ ಹಾಗೂ ಸಮಾಲೋಚನೆಯ ಒಪ್ಪಂದ ಮಾಡಿಕೊಂಡಿದ್ದವು. ಈ ದಾಕ್ಷಿಣ್ಯದ ಪರಿಚಯ ಭಾರತಕ್ಕೂ ಉಂಟು. ಗೋವೆಯ ಪ್ರಶ್ನೆಯಿಂದಾಗಿ 1955ರಲ್ಲಿ ಭಾರತ-ಪೋರ್ಚುಗಲ್ ರಾಜತಾಂತ್ರಿಕ ಸಂಬಂಧ ಕಡಿದುಬಿದ್ದ ಮೇಲೆ, ದೆಹಲಿಯಲ್ಲಿ ಪೋರ್ಚುಗಲಿನ ಹಿತವನ್ನು ನೋಡಿಕೊಳ್ಳುತ್ತಿದ್ದದ್ದು ಬ್ರೆಜಿಲಿನ ರಾಯಭಾರ ಕಚೇರಿ. ಗೋವೆಯಾಗಲಿ ಅಂಗೋಲವಾಗಲಿ ವಸಾಹತುಗಳಲ್ಲ, ‘ಕಡಲಾಚೆಯ ಪ್ರಾಂತಗಳು’ ಎಂದು ಲಿಸ್ಬನ್ ಹೇಳುತ್ತಿದ್ದಾಗ ಬ್ರೆಜಿಲ್ ಎದುರಾಡದೆ ಬಹುಕಾಲ ತಲೆದೂಗಿತು.

ನಡುವೆ ಒಮ್ಮೆ ಗಾಳಿ ಬದಲಾದಂತೆ ಕಂಡಿತು. 1961ರಲ್ಲಿ ಅಧ್ಯಕ್ಷ ಜಾನಿಯೊ ಕ್ವಾಡ್ರೊಸ್ ಅವರು ಆಫ್ರಿಕದತ್ತ ಹೊರಳಿ, ಕಪ್ಪು ಜನಾಂಗದ ಪತ್ರಕರ್ತ ರೇಮುಂಡೊ ಸೋಜ ಡಾಂಟಸ್ ಅವರನ್ನು ಘಾನಾಕ್ಕೆ ರಾಯಭಾರಿಯಾಗಿ ಕಳುಹಿಸಿದರು. ಆ ಜನಾಂಗದಿಂದ ಬ್ರೆಜಿಲಿನ ರಾಯಭಾರಿ ಪದವಿಗೇರಿದವರಲ್ಲಿ ಅವರೇ ಮೊದಲಿಗರು. ಆದರೆ 1964ರಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಬ್ರೆಜಿಲ್ ಮತ್ತೆ ಲಿಸ್ಬನ್ನಿನ ನೆರಳನ್ನು ಸೇರಿತು.

ಆ ನೆರಳಿನಿಂದ ಹೊರಗೆ ಬರುವಂತೆ ಮಾಡಿದ್ದು ಧರ್ಮಬುದ್ಧಿಯೊಂದೇ ಎಂದರೆ ಸತ್ಯಕ್ಕೆ ಅಪಚಾರವಾದೀತು. 1973ರಲ್ಲಿ ಎಣ್ಣೆಯ ಬೆಲೆ ಒಮ್ಮೆಲೆ ಏರಿತು. ಬ್ರೆಜಿಲ್ ಆಗ ತನಗೆ ಬೇಕಾದ ಎಣ್ಣೆಯ ಬಹುಭಾಗವನ್ನು ಹೊರಗಿನಿಂದ ತರಿಸುತ್ತಿದ್ದಿತು. ಪೋರ್ಚುಗಲ್ಲಿಗೆ ಬೆಂಬಲವಾಗಿ ನಿಂತವರ ಮೇಲೆ ಆಫ್ರಿಕದ ರಾಷ್ಟ್ರಗಳು ಕಣ್ಣು ಕೆಂಪು ಮಾಡಿದ್ದವು. ಬ್ರೆಜಿಲಿನ ಕಾರ್ಖಾನೆಗಳಿಗೆ ಹೊಸ ಗಿರಾಕಿಗಳೂ ಬೇಕಾಗಿದ್ದರು. 1974ರ ಮಾರ್ಚಿಯಲ್ಲಿ ಅಧ್ಯಕ್ಷರಾದ ಜನರಲ್ ಎರ್ನೆಸ್ಟೊ ಗೈಸೆಲ್ ಅವರೂ ಅವರ ವಿದೇಶಾಂಗ ಸಚಿವ ಅಜೆರೆಡೊ ದ ಸಿಲ್ವೇರ ಅವರೂ ಲೆಕ್ಕ ಬಲ್ಲವರು. ತಮ್ಮ ನೀತಿಗೆ ಅವರು ‘ಹೊಣೆಯರಿತ ವ್ಯವಹಾರದೃಷ್ಟಿ’ ಎಂಬ ಅರ್ಥದ ಹೆಸರಿಟ್ಟರು. ಏಪ್ರಿಲ್ 25ರಂದು ಲಿಸ್ಬನ್ನಿನಲ್ಲಿಯೇ ಕ್ರಾಂತಿಯಾಗಿ ಹಳೆಯ ಸರ್ವಾಧಿಕಾರ ಉರುಳಿದಾಗ ಅವರ ಹಾದಿ ಸುಗಮವಾಯಿತು. ಜುಲೈ ತಿಂಗಳಲ್ಲಿ, ಪೋರ್ಚುಗಲ್ ಒಪ್ಪುವುದಕ್ಕೂ ಮೊದಲೇ, ಬ್ರೆಜಿಲ್ ಗಿನಿ-ಬಿಸಾವ್ ದೇಶಕ್ಕೆ ಮಾನ್ಯತೆ ನೀಡಿತು.

ಆದರೆ ತಡವಾಗಿ ಬಂದ ನೆಂಟನಿಗೆ ಎಲ್ಲೆಡೆಯೂ ಮಣೆ ಹಾಕುವುದಿಲ್ಲ. 1975ರ ಜೂನ್ 25ರಂದು ಮೊಜಾಂಬಿಕ್ ಸ್ವತಂತ್ರವಾದಾಗ ಅಲ್ಲಿನ ನಾಯಕರು ಬ್ರೆಜಿಲಿಗೆ ಆಹ್ವಾನವನ್ನೇ ಕಳುಹಿಸಲಿಲ್ಲ. ತಾವು ಕಾಡಿನಲ್ಲಿ ಹೋರಾಡುತ್ತಿದ್ದಾಗ ಬ್ರೆಜಿಲ್ ಯಾರ ಪಕ್ಕದಲ್ಲಿ ಕುಳಿತಿದ್ದಿತೆಂಬುದನ್ನು ಅವರು ಮರೆತಿರಲಿಲ್ಲ. ಈ ಅವಮಾನ ಬ್ರೆಸಿಲಿಯಕ್ಕೆ ನಾಟಿತು. ಅಂಗೋಲದಲ್ಲಿಯೂ ಹೀಗಾಗಬಾರದು.

ಬಾಗಿಲು ಮುಚ್ಚದ ಕಚೇರಿ

ಅಂಗೋಲದಲ್ಲಿ ಬ್ರೆಜಿಲ್ ಆಗಲೇ ಒಂದು ಹೊಸ ಉಪಾಯವನ್ನು ಹೂಡಿದ್ದಿತು. ಸ್ವಾತಂತ್ರ್ಯಕ್ಕೆ ಇನ್ನೂ ತಿಂಗಳುಗಳಿರುವಾಗಲೇ ಲುವಾಂಡದಲ್ಲಿ ‘ವಿಶೇಷ ಪ್ರಾತಿನಿಧ್ಯ’ವೊಂದನ್ನು ತೆರೆದು, ಅನುಭವಸ್ಥ ರಾಜತಂತ್ರಜ್ಞ ಒವಿಡಿಯೊ ದೆ ಆಂಡ್ರಾಡೆ ಮೆಲೊ ಅವರನ್ನು ಅಲ್ಲಿಗೆ ಕಳುಹಿಸಿತು. 1975ರ ಜನವರಿಯಲ್ಲಿ ಪೋರ್ಚುಗಲಿನ ಆಲ್ವೊರ್ ಎಂಬಲ್ಲಿ ಆದ ಒಪ್ಪಂದದಂತೆ ಎಂ.ಪಿ.ಎಲ್.ಎ., ಎಫ್.ಎನ್.ಎಲ್.ಎ. ಮತ್ತು ಯುನಿಟ ಎಂಬ ಮೂರು ಪಕ್ಷಗಳೂ ಕೂಡಿ ಆಳಬೇಕಾಗಿದ್ದಿತು. ಮೂವರನ್ನೂ ಸಮಾನವಾಗಿ ಕಾಣುವುದು, ನವೆಂಬರ್ 11ರಂದು ಯಾರ ಕೈಯಲ್ಲಿ ಅಧಿಕಾರವಿದ್ದರೂ ಅವರಿಗೆ ಮಾನ್ಯತೆ ನೀಡುವುದು — ಇದು ಮೆಲೊ ಅವರಿಗೆ ದೊರೆತ ಆದೇಶ.

ಒಪ್ಪಂದದ ಶಾಯಿ ಆರುವುದರೊಳಗೆ ಕಾಳಗ ಮೊದಲಾಯಿತು. ಜುಲೈ ಹೊತ್ತಿಗೆ ಲುವಾಂಡ ನಗರ ಎಂ.ಪಿ.ಎಲ್.ಎ. ವಶವಾಯಿತು, ಉಳಿದ ಎರಡು ಪಕ್ಷಗಳೂ ಅಲ್ಲಿಂದ ಹೊರದೂಡಲ್ಪಟ್ಟವು. ಅಂಗೋಲದಲ್ಲಿ ನೆಲೆಸಿದ್ದ ಸುಮಾರು 3 ಲಕ್ಷ ಪೋರ್ಚುಗೀಸರಲ್ಲಿ ಬಹುಮಂದಿ ಮನೆಯ ಸಾಮಾನನ್ನೆಲ್ಲ ಮರದ ಪೆಟ್ಟಿಗೆಗಳಿಗೆ ತುಂಬಿ ಬಂದರಿಗೆ ಸಾಗಿಸಿದರು. ವೈದ್ಯರು, ಮೇಷ್ಟರು, ಯಂತ್ರ ಬಲ್ಲವರು, ಅಂಗಡಿಕಾರರು ಒಬ್ಬೊಬ್ಬರಾಗಿ ಮಾಯವಾದರು. ಅಮೆರಿಕದ ಕಾನ್ಸಲ್ ಕಚೇರಿ ಸ್ವಾತಂತ್ರ್ಯ ದಿನಕ್ಕೆ ಕೆಲವೇ ದಿನಗಳಿರುವಾಗ ಬಾಗಿಲು ಮುಚ್ಚಿತು.

ಮೆಲೊ ಅವರು ಮಾತ್ರ ಹೊರಡಲಿಲ್ಲ. ಕಣ್ಣಿಗೆ ಕಂಡದ್ದನ್ನು ಕಂಡಂತೆ ಬ್ರೆಸಿಲಿಯಕ್ಕೆ ತಿಳಿಸುತ್ತಿದ್ದರು. ರಾಜಧಾನಿಯೂ ಆಡಳಿತದ ಕೇಂದ್ರವೂ ಎಂ.ಪಿ.ಎಲ್.ಎ. ಕೈಯಲ್ಲಿದೆ, ಸ್ವಾತಂತ್ರ್ಯವನ್ನು ಸಾರುವವರು ಅವರೇ ಎಂಬುದು ಅವರ ವರದಿಗಳ ಸಾರ. ಆಳುವವರಿಗೆ ಇಷ್ಟವಾಗುವ ಸುದ್ದಿ ಅದಾಗಿರಲಿಲ್ಲ. ಸೇನಾಧಿಪತಿಗಳ ಸರ್ಕಾರಕ್ಕೆ ಸಮತಾವಾದಿಗಳ ಗೆಲುವನ್ನು ವರದಿ ಮಾಡುವುದಕ್ಕಿಂತ, ಸ್ಥಿತಿ ಅಸ್ಪಷ್ಟವಾಗಿದೆ, ಕಾದು ನೋಡುವುದು ಒಳಿತು ಎಂದು ಬರೆದು ಕುಳಿತರೆ ಸರ್ಕಾರಿ ನೌಕರನಿಗೆ ಸುಖ. ಆ ಸುಖವನ್ನು ಮೆಲೊ ಬಯಸಲಿಲ್ಲ. ಅವರ ಮಾತಿಗೆ ಸಿಲ್ವೇರ ಕಿವಿಗೊಟ್ಟರು. ಗೈಸೆಲ್ ಒಪ್ಪಿಗೆ ಕೊಟ್ಟರು. ನವೆಂಬರ್ 11ರ ಮೊದಲ ಗಳಿಗೆಗಳಲ್ಲಿ ಆದದ್ದು ಇಷ್ಟೇ: ಆಡಿದ ಮಾತನ್ನು ಬ್ರೆಜಿಲ್ ನಡೆಸಿಕೊಟ್ಟಿತು.

ಮರುದಿನದಿಂದ ಬ್ರೆಜಿಲಿನಲ್ಲಿ ಗದ್ದಲ. ಅಂಗೋಲಕ್ಕೆ ಬಂದಿಳಿದ ಕ್ಯೂಬನ್ ಸೈನಿಕರ ಸಂಖ್ಯೆ ದಿನೇ ದಿನೇ ಬೆಳೆಯತೊಡಗಿದಂತೆ ಟೀಕೆಯೂ ಬೆಳೆಯಿತು. ಪತ್ರಿಕೆಗಳು ಹರಿಹಾಯ್ದವು, ಸೇನೆಯ ಉಗ್ರರು ಹಲ್ಲು ಕಡಿದರು. ಎರಡು ವರ್ಷಗಳ ಅನಂತರ, 1977ರ ಅಕ್ಟೋಬರಿನಲ್ಲಿ, ಗೈಸೆಲ್ ಅವರು ಸೇನಾಸಚಿವ ಸಿಲ್ವಿಯೊ ಫ್ರೋಟ ಅವರನ್ನು ಪದಚ್ಯುತಗೊಳಿಸಿದಾಗ, ಫ್ರೋಟ ಹೊರಡಿಸಿದ ಆಪಾದನಾಪತ್ರದಲ್ಲಿ ಅಂಗೋಲಕ್ಕೆ ಕೊಟ್ಟ ಮಾನ್ಯತೆಯೂ ಒಂದು ಅಪರಾಧವಾಗಿ ಸೇರಿದ್ದಿತು. ಗೈಸೆಲ್ ಮಾತ್ರ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪೋರ್ಚುಗಲ್ ತನ್ನ ಮಾನ್ಯತೆಯನ್ನು 1976ರ ಫೆಬ್ರವರಿಯಲ್ಲಿ ಕೊಟ್ಟಿತು. ಅದೇ ವರ್ಷ ಡಿಸೆಂಬರ್ 1ರಂದು ಅಂಗೋಲ ವಿಶ್ವಸಂಸ್ಥೆಯ ಸದಸ್ಯವಾಯಿತು. ಅಮೆರಿಕ ಸಂಯುಕ್ತಸಂಸ್ಥಾನ ಅದಕ್ಕೆ ಮಾನ್ಯತೆ ನೀಡಿದ್ದು 1993ರಲ್ಲಿ. ಲುವಾಂಡದಲ್ಲಿ ಬಾಗಿಲು ಮುಚ್ಚದೆ ಕುಳಿತ ಮೆಲೊ ಅವರಿಗಾದರೋ ಹೊಸ ರಾಯಭಾರ ಕಚೇರಿಯ ಮೊದಲ ರಾಯಭಾರಿಯಾಗುವ ಭಾಗ್ಯ ದೊರೆಯಲಿಲ್ಲ. ಅವರನ್ನು ಹಿಂದಕ್ಕೆ ಕರೆಸಿ, ಬಳಿಕ ದೂರದ ಥಾಯ್ಲೆಂಡಿಗೆ ಕಳುಹಿಸಲಾಯಿತು. ಬಹುಕಾಲದ ಅನಂತರ, 2009ರಲ್ಲಿ, ಅವರ ನೆನಪುಗಳು ಪುಸ್ತಕವಾಗಿ ಹೊರಬಂದವು. ಅದರ ಹೆಸರಿನಲ್ಲಿ ಅವರು ತಮ್ಮನ್ನು ವಿದೇಶಾಂಗ ಕಚೇರಿಯ ‘ಬೂಷ್ಟು ತೆಗೆಯುವವ’ನೆಂದು ಕರೆದುಕೊಂಡಿದ್ದಾರೆ. ಕಹಿಯನ್ನು ನಗೆಯಲ್ಲಿ ಅದ್ದಿ ಹೇಳುವ ಶಕ್ತಿ ಅವರಲ್ಲಿ ಆಗಲೂ ಉಳಿದಿದ್ದಿತು.

ಧಾರಾವಾಹಿಯ ಹೆಸರಿನ ಸಂತೆ

ಅಂಗೋಲ ಆ ರಾತ್ರಿಯನ್ನು ಮರೆಯಲಿಲ್ಲ. ಅಂತರ್ಯುದ್ಧದ ನಡುವೆಯೂ ಬ್ರೆಜಿಲಿನ ಎಣ್ಣೆ ಸಂಸ್ಥೆಗೆ ಅಲ್ಲಿನ ಕಡಲಲ್ಲಿ ಅವಕಾಶ ದೊರೆಯಿತು. 1984ರಲ್ಲಿ ಕ್ವಾಂಜ ನದಿಗೆ ಕಪಾಂಡ ಎಂಬಲ್ಲಿ ಅಣೆಕಟ್ಟು ಕಟ್ಟುವ ಒಪ್ಪಂದವಾಯಿತು. ಬ್ರೆಜಿಲಿನ ಎಂಜಿನಿಯರುಗಳೂ ಸೋವಿಯತ್ ತಜ್ಞರೂ ಒಂದೇ ಕೆಲಸದಲ್ಲಿ ಕೈಗೂಡಿಸಿದರು. ಸಾಲಕ್ಕೆ ಅಂಗೋಲದ ಎಣ್ಣೆಯೇ ಆಧಾರ. ಯುದ್ಧದಿಂದ ನಿಂತು, ಮತ್ತೆ ಮೊದಲಾಗಿ, ಶಾಂತಿ ನೆಲೆಸಿದ 2002ರ ಅನಂತರ, 2004ರಲ್ಲಿ ಅಲ್ಲಿ ಮೊದಲ ವಿದ್ಯುತ್ತು ಹರಿಯಿತು.

1980ರಲ್ಲಿ ಬ್ರೆಜಿಲಿನ ಗಾಯಕರ ದೊಡ್ಡ ತಂಡವೊಂದು ಲುವಾಂಡಕ್ಕೆ ಬಂದಿತು. ಚಿಕೊ ಬುವಾರ್ಕೆ, ಡೊರಿವಲ್ ಕೈಮಿ, ಮಾರ್ಟಿನ್ಯೊ ದ ವಿಲ, ಕ್ಲಾರ ನ್ಯೂನಿಸ್ ಮೊದಲಾದವರು ಅದರಲ್ಲಿದ್ದರು. ಆ ಯಾತ್ರೆಗೆ ‘ಕಲುಂಗ’ ಎಂದು ಹೆಸರು. ಕಿಂಬುಂಡು ಭಾಷೆಯಲ್ಲಿ ಆ ಪದಕ್ಕೆ ಕಡಲು ಎಂದೂ ಸಾವು ಎಂದೂ ಅರ್ಥವುಂಟು. ಗುಲಾಮರ ಕಾಲದಲ್ಲಿ ಎರಡಕ್ಕೂ ಒಂದೇ ಪದ ಸಾಕಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಆ ಕಡಲನ್ನೇ ದಾಟಿ, ಈಗ ಹಾಡುತ್ತ, ಅವರ ವಂಶದವರು ಮರಳಿ ಬಂದಿದ್ದರು.

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಒಂದು ಸಂತೆಯ ಕಥೆ. 1975ರ ಆಗಸ್ಟ್ ತಿಂಗಳಲ್ಲಿ ಬ್ರೆಜಿಲಿನ ಟೆಲಿವಿಷನ್ನಿನಲ್ಲಿ ‘ರೋಕೆ ಸಾಂಟೇರೊ’ ಎಂಬ ಧಾರಾವಾಹಿ ಆರಂಭವಾಗಬೇಕಾಗಿದ್ದಿತು. ಬರೆದವರು ಡಿಯಸ್ ಗೋಮಿಸ್. ಸಂತರ ವಿಗ್ರಹಗಳನ್ನು ಮಾಡುವ ರೋಕೆ ಎಂಬುವನು ಊರನ್ನು ಕಾಪಾಡುತ್ತ ಕಳ್ಳರ ಕೈಯಲ್ಲಿ ಮಡಿದನೆಂದು ಒಂದು ಊರೆಲ್ಲ ನಂಬಿದೆ; ಅವನ ಹೆಸರಿನಲ್ಲಿ ಜಾತ್ರೆ, ವ್ಯಾಪಾರ, ಅಧಿಕಾರ ಎಲ್ಲವೂ ನಡೆಯುತ್ತಿದೆ. ಹದಿನೇಳು ವರ್ಷಗಳ ಮೇಲೆ ಅವನು ಜೀವಂತನಾಗಿ ಊರಿಗೆ ಬರುತ್ತಾನೆ. ಊರಿನ ದೊಡ್ಡವರಿಗೆ ಸತ್ತ ರೋಕೆ ಬೇಕು, ಬದುಕಿರುವ ರೋಕೆ ಬೇಡ. ಅಂಗೋಲಕ್ಕೆ ಮಾನ್ಯತೆ ಕೊಡಲು ಸಿದ್ಧವಾಗುತ್ತಿದ್ದ ಅದೇ ಸರ್ಕಾರ ಈ ಧಾರಾವಾಹಿಯನ್ನು ಅದು ಆರಂಭವಾಗಬೇಕಾಗಿದ್ದ ದಿನವೇ ನಿಷೇಧಿಸಿತು. ಹತ್ತು ವರ್ಷಗಳ ಅನಂತರ, ಸೇನಾಡಳಿತ ಕೊನೆಗೊಂಡ 1985ರಲ್ಲಿ, ಅದು ಹೊಸದಾಗಿ ಚಿತ್ರಿತವಾಗಿ ಮನೆಮನೆಯನ್ನು ಗೆದ್ದಿತು. ಅಂಗೋಲದಲ್ಲಿಯೂ ಪ್ರಸಾರವಾಯಿತು. ಜನ ಎಷ್ಟು ಮೆಚ್ಚಿದರೆಂದರೆ, ಲುವಾಂಡದ ಬಂದರಿನ ಮೇಲಣ ದಿಬ್ಬದಲ್ಲಿ ಬೆಳೆದ ಬೃಹತ್ತಾದ ಬಯಲು ಸಂತೆಗೆ ‘ರೋಕೆ ಸಾಂಟೇರೊ’ ಎಂದೇ ಹೆಸರಾಯಿತು. 2010ರಲ್ಲಿ ಆ ಸಂತೆಯನ್ನು ಎತ್ತಿಸುವವರೆಗೆ ಲುವಾಂಡದ ಗೃಹಿಣಿಯರು ಅಕ್ಕಿ, ಬಟ್ಟೆ, ಔಷಧಿಗಳಿಗಾಗಿ ಹೋಗುತ್ತಿದ್ದದ್ದು ಒಂದು ಧಾರಾವಾಹಿಯ ನಾಯಕನ ಹೆಸರಿನ ಸ್ಥಳಕ್ಕೆ. ‘ಕಿಟಾಂಡ’ ಎಂಬ ಮಾತನ್ನು ಕೊಟ್ಟ ಊರು, ಅದನ್ನು ಕೊಂಡ ದೇಶದಿಂದ ತನ್ನ ಸಂತೆಗೊಂದು ಹೆಸರನ್ನು ಪಡೆದುಕೊಂಡಿತು!

ಈ ಸ್ನೇಹದಲ್ಲಿ ಕಲೆಯಿಲ್ಲವೆಂದಲ್ಲ. ಕಪಾಂಡವನ್ನು ಕಟ್ಟಿದ ಒಡೆಬ್ರೆಕ್ಟ್ ಎಂಬ ಬ್ರೆಜಿಲಿನ ದೊಡ್ಡ ಕಂಪೆನಿ, 2006ರಿಂದ 2013ರವರೆಗಿನ ಅವಧಿಯಲ್ಲಿ ಅಂಗೋಲದ ಅಧಿಕಾರಸ್ಥರಿಗೆ 5 ಕೋಟಿ ಡಾಲರಿಗೂ ಮಿಕ್ಕಿ ಲಂಚ ಕೊಟ್ಟದ್ದನ್ನು 2016ರಲ್ಲಿ ಅಮೆರಿಕದ ನ್ಯಾಯಾಂಗದ ಮುಂದೆ ಒಪ್ಪಿಕೊಂಡಿತು. ಎರಡು ಸರ್ಕಾರಗಳ ಆಲಿಂಗನ ಯಾವಾಗಲೂ ಎರಡು ದೇಶಗಳ ಜನರ ಆಲಿಂಗನವಾಗಿರುವುದಿಲ್ಲ. ಎಣ್ಣೆಯ ಹಣ ಮೇಲಿನವರ ಕಿಸೆಗಳಲ್ಲಿ ಓಡಾಡುತ್ತಿದ್ದಾಗ ಲುವಾಂಡದ ಬಡವರ ಕೇರಿಗಳಲ್ಲಿ ಹೆಂಗಸರು ಕೊಡ ಹೊತ್ತು ನೀರಿಗೆ ಅಲೆಯುತ್ತಿದ್ದರು.

ಆದರೂ 1975ರ ಆ ಅರ್ಧರಾತ್ರಿಯ ತೂಕ ಇದರಿಂದ ಕಡಿಮೆಯಾಗದು. 2023ರ ಆಗಸ್ಟಿನಲ್ಲಿ ಬ್ರೆಜಿಲಿನ ಅಧ್ಯಕ್ಷ ಲೂಲ ಅವರು ಲುವಾಂಡಕ್ಕೆ ಭೇಟಿಯಿತ್ತರು. ಅಷ್ಟು ಹೊತ್ತಿಗೆ ಆ ರಾತ್ರಿ ನಿರ್ಧಾರ ಕೈಗೊಂಡ ಗೈಸೆಲ್, ಸಿಲ್ವೇರ, ನೆಟೊ ಮೂವರೂ ಗತಿಸಿ ಬಹುಕಾಲವಾಗಿದ್ದಿತು. ಬ್ರೆಜಿಲಿನ ಉದ್ದೇಶದಲ್ಲಿ ಎಣ್ಣೆಯ ಆಸೆಯಿದ್ದಿತು, ವ್ಯಾಪಾರದ ಆಸೆಯಿದ್ದಿತು, ಮೊಜಾಂಬಿಕಿನಲ್ಲಿ ಪಟ್ಟ ಅವಮಾನದ ನೋವಿದ್ದಿತು. ಆದರೆ ಪಂಕ್ತಿಯಲ್ಲಿ ನಿಂತವನಿಗೆ, ಕರೆದವನ ಮನಸ್ಸಿನಲ್ಲಿ ಏನಿದ್ದಿತೆಂಬುದಕ್ಕಿಂತ ಎಲ್ಲರೂ ಸುಮ್ಮನಿದ್ದಾಗ ಯಾರು ಕರೆದರೆಂಬುದು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಆಪತ್ತಿಗಾದವನೇ ನೆಂಟ. ಆ ನೆಂಟಸ್ತಿಕೆಯನ್ನು ಉಳಿಸಿದ್ದು ಊರೆಲ್ಲ ಖಾಲಿಯಾಗುತ್ತಿದ್ದಾಗ ತನ್ನ ಮೇಜನ್ನು ಬಿಟ್ಟೇಳದೆ, ಒಡೆಯರಿಗೆ ರುಚಿಸದ ಸತ್ಯವನ್ನೇ ಬರೆದು ಕಳುಹಿಸಿದ ಒಬ್ಬ ನೌಕರನ ನಿಷ್ಠೆ.